ಮುತ್ತಮ್ಮ ಸೋತ ಮೊಕದ್ದಮೆ

1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರುವಾಗ ಸಿ.ಬಿ. ಮುತ್ತಮ್ಮ ಒಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಮದುವೆಯಾದರೆ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ ಎಂಬ ಮುಚ್ಚಳಿಕೆ. ಜೊತೆಗೆ ಸೇರಿದ ಗಂಡಸರಿಗೆ ಇಂಥ ಷರತ್ತು ಇರಲಿಲ್ಲ.

ಇಲ್ಲಿ ಕೊಂಡಾಪುರದಲ್ಲಿ ಲಾಂಗ್ ವೀಕೆಂಡ್ ಬಂತೆಂದರೆ ಕೊಡಗಿನ ಹೋಂಸ್ಟೇ ಹುಡುಕುವವರು ಬಹಳ. ವಿರಾಜಪೇಟೆಯ ಕಾಫಿ, ಪಂದಿಕರಿ ಎಲ್ಲರಿಗೂ ಗೊತ್ತು. ಆ ವಿರಾಜಪೇಟೆಯಲ್ಲೇ 1924ರ ಜನವರಿ 24ರಂದು ಚೋನಿರ ಬೆಳ್ಳಿಯಪ್ಪ ಮುತ್ತಮ್ಮ ಹುಟ್ಟಿದ್ದು. ತಂದೆ ಅರಣ್ಯಾಧಿಕಾರಿ. ಮಗಳಿಗೆ ಒಂಬತ್ತು ವರ್ಷವಾದಾಗ ತೀರಿಕೊಂಡರು. ನಾಲ್ಕು ಮಕ್ಕಳನ್ನೂ ಓದಿಸಲೇಬೇಕೆಂದು ಹಟ ಹಿಡಿದದ್ದು ತಾಯಿ. ಮಡಿಕೇರಿಯ ಸೇಂಟ್ ಜೋಸೆಫ್ ಶಾಲೆ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, ಆಮೇಲೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂಎ.

ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ ಗೆದ್ದ ಮೊದಲ ಮಹಿಳೆ ಅವರು. ಸಂದರ್ಶನದಲ್ಲಿ ಮಂಡಳಿಯವರು ವಿದೇಶಾಂಗ ಸೇವೆ ಹೆಂಗಸರಿಗೆ ತಕ್ಕುದಲ್ಲ ಎಂದು ಮನವೊಲಿಸಲು ನೋಡಿದರು. ಅಧ್ಯಕ್ಷರು ಬೇಕೆಂದೇ ಕನಿಷ್ಠ ಅಂಕ ಕೊಟ್ಟಿದ್ದರಂತೆ, ಆಮೇಲೆ ಅವರೇ ಅದನ್ನು ಹೇಳಿಕೊಂಡರು. ಇಷ್ಟಾದರೂ ಮುತ್ತಮ್ಮ ಆಯ್ಕೆಯಾದರು.

ಪ್ಯಾರಿಸ್, ರಂಗೂನ್, ಲಂಡನ್, ದೆಹಲಿ. 1970ರಲ್ಲಿ ಹಂಗೇರಿಗೆ ರಾಯಭಾರಿ. ಸೇವೆಯೊಳಗಿಂದಲೇ ಮೇಲೆ ಬಂದು ರಾಯಭಾರಿಯಾದ ಮೊದಲ ಮಹಿಳೆ ಅವರೇ. ಆಮೇಲೆ ಘಾನಾ.

ನನ್ನನ್ನು ಹೆಚ್ಚು ಕಾಡುವುದು 1949ರ ಮುಚ್ಚಳಿಕೆಯಲ್ಲ, 1961ರ ನಿಯಮಗಳು. ಮುತ್ತಮ್ಮ ಸೇರಿದಾಗ ಸಂವಿಧಾನ ಇನ್ನೂ ಜಾರಿಗೆ ಬಂದಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. 1961ರ ಹೊತ್ತಿಗೆ ಅದು ಬಂದು ಹನ್ನೊಂದು ವರ್ಷ. ಕಾನೂನಿನೆದುರು ಎಲ್ಲರೂ ಸಮಾನರು ಎಂದು 14ನೇ ವಿಧಿ, ಸರ್ಕಾರಿ ಉದ್ಯೋಗದಲ್ಲಿ ಲಿಂಗದ ಆಧಾರದ ಮೇಲೆ ಭೇದ ಸಲ್ಲದು ಎಂದು 16ನೇ ವಿಧಿ. ಹೀಗಿದ್ದೂ ಹೊಸದಾಗಿ ಬರೆದ ಸೇವಾ ನಿಯಮದ 8(2) ಹೇಳಿದ್ದು ಇದು: ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದ ಜವಾಬ್ದಾರಿಯಿಂದ ಕೆಲಸ ಕೆಡಬಹುದು ಎಂದು ಸರ್ಕಾರಕ್ಕೆ ಅನ್ನಿಸಿದರೆ ಮದುವೆಯ ನಂತರ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ಇನ್ನೊಂದು ನಿಯಮ, 18(4), ವಿವಾಹಿತ ಮಹಿಳೆಗೆ ಈ ಸೇವೆಯ ನೇಮಕ ಹಕ್ಕಲ್ಲ ಎಂದಿತು. ಕೆಲಸ ಕೆಟ್ಟಿರಬೇಕೆಂದೂ ಇಲ್ಲ, ಕೆಡಬಹುದು ಅನ್ನಿಸಿದರೆ ಸಾಕು! ಗಂಡಸಿಗೆ ಸಂಸಾರವೇ ಇರುವುದಿಲ್ಲವೇನೋ.

ಬಡ್ತಿಯ ಸರದಿ ಬಂದಾಗ ಮುತ್ತಮ್ಮನವರಿಗೆ ಅರ್ಹತೆ ಸಾಲದು ಎಂದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಸೇವೆಯಲ್ಲಿದ್ದುಕೊಂಡೇ, ಸ್ವಂತ ಇಲಾಖೆಯ ವಿರುದ್ಧ. ಅರ್ಜಿ ವಿಚಾರಣೆಯಲ್ಲಿದ್ದಾಗಲೇ ಬಡ್ತಿ ಬಂತು, ಹೇಗ್‌ಗೆ ರಾಯಭಾರಿಯಾಗಿ ನೇಮಕವೂ ಆಯಿತು. ಕೆಲವೇ ತಿಂಗಳಲ್ಲಿ ಅರ್ಹತೆ ಎಲ್ಲಿಂದ ಬಂತೋ! 18(4)ನ್ನು 1973ರಲ್ಲೇ ತೆಗೆದಿದ್ದೇವೆ, 8(2)ನ್ನೂ ತೆಗೆಯುತ್ತಿದ್ದೇವೆ ಎಂದು ಸರ್ಕಾರ ಕೋರ್ಟಿಗೆ ತಿಳಿಸಿತು.

1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದರು. ಈ ನಿಯಮಗಳು ಹೆಣ್ಣಿನ ವಿರುದ್ಧದ ಬಹಿರಂಗ ತಾರತಮ್ಯ ಎಂದು ಖಾರವಾಗಿ ಹೇಳಿ, ಉಳಿದ ಸೇವಾ ನಿಯಮಗಳಲ್ಲೂ ಇಂಥ ಕಲೆ ಇದ್ದರೆ ತೊಳೆಯಿರಿ ಎಂದರು. ಆದರೆ ಎಲ್ಲ ಕೆಲಸದಲ್ಲೂ, ಎಲ್ಲ ಸಂದರ್ಭದಲ್ಲೂ ಗಂಡು ಹೆಣ್ಣು ಒಂದೇ ಎಂದು ತಾವು ಹೇಳುತ್ತಿಲ್ಲ ಎಂಬ ಸಾಲನ್ನೂ ಸೇರಿಸಿದರು. ಆ ಕಿಂಡಿ ಬಿಡಬೇಕಿರಲಿಲ್ಲ ಎಂದು ನನಗನ್ನಿಸುತ್ತದೆ. ಎರಡು ವರ್ಷದ ನಂತರ ಏರ್ ಇಂಡಿಯಾದ ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ ಅದೇ ಕೋರ್ಟು, ಮೊದಲ ಬಸಿರಿಗೇ ಗಗನಸಖಿಯ ಕೆಲಸ ಕಳೆಯುವ ನಿಯಮವನ್ನು ಹೊಡೆದುಹಾಕಿತು. ಕೆಲಸಕ್ಕೆ ಸೇರಿ ನಾಲ್ಕು ವರ್ಷ ಮದುವೆಯಾಗಬಾರದು ಎಂಬುದನ್ನು ಮಾತ್ರ ಹಾಗೇ ಉಳಿಸಿತು.

ಇನ್ನೊಂದು ವಿಚಿತ್ರ: ಕಾಗದದ ಮೇಲೆ ಮುತ್ತಮ್ಮ ಸೋತರು. ಕೇಳಿದ್ದೆಲ್ಲ ಸಿಕ್ಕಿತಲ್ಲ ಎಂದು ಕೋರ್ಟು ಅರ್ಜಿ ವಜಾ ಮಾಡಿತು. ಒಂದು ಮಾತು ಮಾತ್ರ ಜೋಡಿಸಿತು. ಎರಡು ಮೌಲ್ಯಮಾಪನಗಳ ನಡುವಿನ ತಿಂಗಳುಗಳಲ್ಲಿ ಕಿರಿಯರು ಅವರನ್ನು ದಾಟಿ ಹೋಗಿದ್ದರು, ಆ ಜ್ಯೇಷ್ಠತೆಯನ್ನು ಮರುಪರಿಶೀಲಿಸಿ ಎಂದಿತು.

ಈ ಕಿರಿಯರು ದಾಟಿ ಹೋಗುವ ಕಥೆ ನಮ್ಮ ಐಟಿ ಮಂದಿಗೆ ವಿವರಿಸಬೇಕಿಲ್ಲ. ನನ್ನ ಸ್ನೇಹಿತೆಯೊಬ್ಬಳು 26 ವಾರಗಳ ಹೆರಿಗೆ ರಜೆ ಮುಗಿಸಿ ಬಂದಾಗ ಅಪ್ರೈಸಲ್ ಮುಗಿದಿತ್ತು. ಅವಳೇ ಕೆಲಸ ಕಲಿಸಿದ ಹುಡುಗ ಲೀಡ್ ಆಗಿದ್ದ. ಯಾವ ನಿಯಮದಲ್ಲೂ ಇದು ಬರೆದಿಲ್ಲ, ಹಾಗಾಗಿ ಕೋರ್ಟಿಗೆ ತೋರಿಸಲು ಅವಳ ಬಳಿ 8(2) ಇಲ್ಲ. ಮೇಲಾಗಿ 14, 16ನೇ ವಿಧಿಗಳು ಕಟ್ಟಿಹಾಕುವುದು ಸರ್ಕಾರವನ್ನು. ಖಾಸಗಿ ಕಂಪನಿಯ ಮೇಲೆ ಮುತ್ತಮ್ಮನವರ ದಾರಿಯಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲಾಗದು. ಕಾರ್ಮಿಕ ಕಾನೂನುಗಳಿವೆ, ಆದರೆ ಇಎಂಐ ಕಟ್ಟುತ್ತಾ ಅವನ್ನು ಹಿಡಿದು ಹೋಗುವವರು ಎಷ್ಟು ಮಂದಿ? ಅವಳು ಈಗ ಬೇರೆ ಕೆಲಸ ಹುಡುಕುತ್ತಿದ್ದಾಳೆ.

ಮುತ್ತಮ್ಮ 1982ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಉಲೋಫ್ ಪಾಲ್ಮೆ ನೇತೃತ್ವದ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಭಾರತದ ಸದಸ್ಯರಾಗಿದ್ದರು. ಆಡಳಿತ ವ್ಯವಸ್ಥೆಯನ್ನು ಜಾಡಿಸುವ ಪ್ರಬಂಧಗಳನ್ನೂ ಕೊಡವ ಅಡುಗೆಯ ಪುಸ್ತಕವನ್ನೂ ಬರೆದರು. ಮದುವೆಯಾಗಲಿಲ್ಲ. ವಿದೇಶಾಂಗ ಕಾರ್ಯದರ್ಶಿಯ ಕುರ್ಚಿ ಅವರಿಗೆ ಸಿಗಲಿಲ್ಲ. 2001ರಲ್ಲಿ ಚೋಕಿಲಾ ಅಯ್ಯರ್ ಅಲ್ಲಿ ಕುಳಿತ ಮೊದಲ ಮಹಿಳೆಯಾದರು. 2009ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ನಿರುಪಮಾ ರಾವ್ ಎರಡನೆಯವರಾದರು. ಅವರ ಪತಿ ಸುಧಾಕರ ರಾವ್ ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿದ್ದವರು. ಅದೇ ವರ್ಷ ಅಕ್ಟೋಬರ್ 14ರಂದು, 85ನೇ ವಯಸ್ಸಿನಲ್ಲಿ, ಮುತ್ತಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು.