ಅಂದಾಜುಪಟ್ಟಿ ಬರೆಯುತ್ತಿದ್ದ ಫೋಟೋಗ್ರಾಫರ್

ನಮ್ಮ ಕುರಕುಂಟಾ ಮೇಲೆ ಹಾಯ್ದು ಹೋಗುವ ವಾಡಿ–ಸಿಕಂದರಾಬಾದ್ ರೈಲುದಾರಿ 1874ರದ್ದು. ಆಗ ಸೇಡಂ, ಚಿತ್ತಾಪುರ ಎಲ್ಲಾ ಹೈದರಾಬಾದ್ ನಿಜಾಮರ ರಾಜ್ಯದೊಳಗೇ ಇದ್ದವು. 1896ರಲ್ಲಿ ಸಿಕಂದರಾಬಾದಿನ ಒಬ್ಬ ಫೋಟೋಗ್ರಾಫರ್ ಬೊಂಬಾಯಿಯಲ್ಲಿ ಹೊಸ ಸ್ಟುಡಿಯೋ ತೆರೆದರು. ಆ ಕಾಲಕ್ಕೆ ಅಲ್ಲಿಂದ ಬೊಂಬಾಯಿಗೆ ರೈಲಿನಲ್ಲಿ ಹೋಗಬೇಕಂದ್ರೆ ವಾಡಿಗೆ ಬಂದೇ ಹೋಗಬೇಕು. ಹಂಗಾಗಿ ಅವರೂ, ಅವರ ಗಾಜಿನ ಪ್ಲೇಟುಗಳ ಪೆಟ್ಟಿಗೆಗಳೂ ನಮ್ಮೂರ ಮುಂದೆ ಹಾದು ಹೋಗಿರಲೇಬೇಕು ಅಂತ ನನ್ನ ಲೆಕ್ಕ.

ಅವರ ಹೆಸರು ಲಾಲಾ ದೀನ್ ದಯಾಳ್, ಮುಂದೆ ರಾಜಾ ದೀನ್ ದಯಾಳ್. ವೈಸ್‌ರಾಯ್ ಕರ್ಜನ್ ಮತ್ತು ಅವನ ಹೆಂಡತಿ ಬೇಟೆಯಾಡಿದ ಹುಲಿಯ ಹಿಂದೆ ನಿಂತ ಚಿತ್ರವನ್ನು ಇತಿಹಾಸದ ಪುಸ್ತಕಗಳಲ್ಲಿ ಭಾಳ ಜನ ನೋಡಿರುತ್ತೀರಿ. ತೆಗೆದವರು ಇವರೇ. ಆದರೆ ಇಂಜಿನಿಯರಿಂಗ್ ಕಾಲೇಜಿನ ಪತ್ರಿಕೆಯಲ್ಲಿ ಇವರ ಬಗ್ಗೆ ಬರೆಯಲು ಬೇರೆಯೇ ಕಾರಣ ಇದೆ. ಅವರು ಓದಿದ್ದು ನಮ್ಮಂಗೇ ಇಂಜಿನಿಯರಿಂಗ್.

1844ರಲ್ಲಿ ಮೀರತ್ ಹತ್ತಿರದ ಸರಧನಾದಲ್ಲಿ, ಒಡವೆ ವ್ಯಾಪಾರದ ಜೈನ ಮನೆತನದಲ್ಲಿ ಹುಟ್ಟಿದರು. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ, ಅಂದರೆ ಇವತ್ತಿನ ಐಐಟಿ ರೂರ್ಕಿಯಲ್ಲಿ, ಸಿವಿಲ್ ಕಲಿತರು. 1866ರಲ್ಲಿ ಇಂದೋರಿನಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಲೋಕೋಪಯೋಗಿ ಕಚೇರಿಯಲ್ಲಿ ಅಂದಾಜುಪಟ್ಟಿ ತಯಾರಿಸುವುದು, ನಕ್ಷೆ ಬರೆಯುವುದು ಕೆಲಸ. ಹತ್ತಾರು ವರ್ಷ ಅವರು ಮಾಡಿದ್ದು ಇದನ್ನೇ: ಯಾವ ಗೋಡೆ ಎಷ್ಟು ಉದ್ದ, ಎಷ್ಟು ಕಲ್ಲು ಬೇಕು, ಎಷ್ಟು ಖರ್ಚು.

ಫೋಟೋಗ್ರಫಿ ಮೊದಮೊದಲು ಹವ್ಯಾಸ ಮಾತ್ರ. ಹವ್ಯಾಸ ಅಂದ್ರೆ ಈಗಿನಂಗೆ ಕಿಸೆಯಿಂದ ಮೊಬೈಲ್ ತೆಗೆದು ಒತ್ತುವುದಲ್ಲ. ಆಗಿನ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಪ್ಲೇಟಿಗೆ ಅಂಟು ದ್ರಾವಣ ಹಚ್ಚಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಅದು ಹಸಿ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ ಚಿತ್ರ ತೆಗೆದು, ಒಣಗುವುದರೊಳಗೆ ಕತ್ತಲಲ್ಲಿ ತೊಳೆಯಬೇಕು. ಸಿಗೋದು ಹತ್ತು–ಹದಿನೈದು ನಿಮಿಷ, ಬಿಸಿಲು ಜೋರಿದ್ದರೆ ಅದೂ ಇಲ್ಲ. ಊರಾಚೆ ಹೋದರೆ ಕತ್ತಲಕೋಣೆಯ ಡೇರೆಯನ್ನೂ ಹೊತ್ತೊಯ್ಯಬೇಕು. ಕೈಬೆರಳು ಕಪ್ಪಾಗಿ ವಾರಗಟ್ಟಲೆ ಹೋಗ್ತಿರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಸಾಮಾನ್ಯವಾಗಿ ಅಷ್ಟೇ. ಹಾಗಾಗಿ ದೊಡ್ಡ ಚಿತ್ರಕ್ಕೆ ದೊಡ್ಡ ಗಾಜು, ದೊಡ್ಡ ಗಾಜಿಗೆ ದೊಡ್ಡ ಕ್ಯಾಮೆರಾ. ಇಷ್ಟೆಲ್ಲ ಮಾಡಿ ಒಂದು ಚಿತ್ರ. ಆದ್ದರಿಂದ ಎಲ್ಲಿ ನಿಲ್ಲಬೇಕು, ನೆರಳು ಯಾವಾಗ ಕಂಬದ ಮೇಲಿಂದ ಸರಿಯುತ್ತದೆ, ಚೌಕಟ್ಟಿನೊಳಗೆ ಏನು ಬರಬೇಕು ಅನ್ನೋದು ಪ್ಲೇಟಿಗೆ ಕೈ ಹಚ್ಚುವ ಮೊದಲೇ ತೀರ್ಮಾನ ಆಗಿರಬೇಕು. ಇದೂ ಒಂದು ಅಂದಾಜುಪಟ್ಟಿಯೇ ನೋಡ್ರಿ. ದೀನ್ ದಯಾಳ್ ಫೋಟೋಗ್ರಾಫರ್ ಆಗಿದ್ದು ಕ್ಯಾಮೆರಾ ಕೊಂಡ ದಿನ ಅಲ್ಲ, ನಕ್ಷೆಯ ಮೇಜಿನ ಮುಂದೆ ಕೂತ ವರ್ಷಗಳಲ್ಲಿ ಅಂತ ನನಗನಿಸುತ್ತದೆ.

ಇಂದೋರಿನ ಮಹಾರಾಜ ಎರಡನೆಯ ತುಕೋಜಿರಾವ್ ಹೋಳ್ಕರ್, ಬ್ರಿಟಿಷ್ ಅಧಿಕಾರಿ ಹೆನ್ರಿ ಡಾಲಿ ಬೆನ್ನು ತಟ್ಟಿದರು. 1875–76ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದಾಗ ಚಿತ್ರ ತೆಗೆಯುವ ಅವಕಾಶ ಸಿಕ್ಕಿತು. 1882ರ ಸುಮಾರಿಗೆ ಲೆಪೆಲ್ ಗ್ರಿಫಿನ್ ಜೊತೆ ಬುಂದೇಲಖಂಡದ ಪ್ರವಾಸ ಹೋದರು. ಆ ಭಾಗದ ಕೋಟೆ, ಗುಡಿ, ಸ್ತೂಪಗಳ 86 ಚಿತ್ರಗಳು ಗ್ರಿಫಿನ್ ಬರಹದ ಜೊತೆ 1886ರಲ್ಲಿ ಪುಸ್ತಕವಾದವು. ಅವುಗಳಲ್ಲಿ ಕಟ್ಟಡಗಳು ಎಲ್ಲೂ ವಾಲುವುದಿಲ್ಲ. ಕಂಬ ಅಂದ್ರೆ ಕಂಬ, ನೆಟ್ಟಗೆ. ನಾವು ಮಳಖೇಡದ ಕೋಟೆ ನೋಡಲು ಹೋದಾಗ ತೆಗೆದ ಚಿತ್ರಗಳಲ್ಲಿ ಬುರುಜು ಹಿಂದಕ್ಕೆ ಬೀಳೋ ಹಂಗೆ ಕಾಣ್ತದೆ, ಯಾಕಂದ್ರೆ ನಾವು ಮೊಬೈಲನ್ನು ಮೇಲಕ್ಕೆ ಓರೆ ಮಾಡಿ ಹಿಡಿದಿದ್ದೆವು.

ಇನ್ನು ನೌಕರಿಯ ಮಾತು. ನಮ್ಮಲ್ಲಿ ಯಾರಾದರೂ ಡಿಗ್ರಿ ಮುಗಿಸಿ ಕ್ಯಾಮೆರಾ ಹಿಡೀತೀನಿ ಅಂದ್ರೆ ಮನೆಯಲ್ಲಿ ಏನಾಗ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ದೀನ್ ದಯಾಳರಿಗೆ ಆಗ ಸುಮಾರು ನಲವತ್ತು ವಯಸ್ಸು, ಹೆಚ್ಚುಕಮ್ಮಿ ಇಪ್ಪತ್ತು ವರ್ಷದ ಸರ್ಕಾರಿ ಸೇವೆ, ಸಂಸಾರ. ಆದರೆ ಒಂದೇ ಏಟಿಗೆ ರಾಜೀನಾಮೆ ಬಿಸಾಕಲಿಲ್ಲ. ಮೊದಲು ಎರಡು ವರ್ಷ ರಜೆ ಹಾಕಿದರು, ಚಿತ್ರದ ಕೆಲಸ ನಡೆಸಿದರು, ಆಮೇಲೆ ನೌಕರಿ ಬಿಟ್ಟರು. ಧೈರ್ಯಕ್ಕಿಂತ ಈ ಲೆಕ್ಕಾಚಾರವೇ ನನಗೆ ಹೆಚ್ಚು ಹಿಡಿಸಿತು.

1880ರ ದಶಕದ ಮಧ್ಯದಲ್ಲಿ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನ ಸೇರಿದರು. 1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ಶುರುವಾಯಿತು. ಅರಮನೆ, ದರ್ಬಾರು, ಬೇಟೆ, ಸೈನ್ಯದ ಕವಾಯತು ಎಲ್ಲದಕ್ಕೂ ಅವರೇ. 1894ರಲ್ಲಿ ನಿಜಾಮರು ರಾಜಾ ಬಹದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಅಂದರೆ ಚಿತ್ರ ಬರೆಯುವವ.

ಬಿರುದಿಗಿಂತ ದೊಡ್ಡದು 1892ರ ಕೆಲಸ. ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದರು. ಪರದೆಯಲ್ಲಿದ್ದ ಹೆಣ್ಣುಮಕ್ಕಳು ಗಂಡಸಿನ ಮುಂದೆ ಕೂರುವಂತಿಲ್ಲ. ಹಂಗಂತ ಅವರಿಗೆ ಫೋಟೋ ಬೇಡ ಅಂತ ಏನಿಲ್ಲವಲ್ಲ. ಅದರ ಉಸ್ತುವಾರಿ ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಯದು. ಎತ್ತರದ ಗೋಡೆಗಳೊಳಗೆ ಎಲ್ಲ ಕೆಲಸ ಹೆಂಗಸರದೇ. ಅಂದರೆ ತಮ್ಮದೇ ಹೆಸರಿನ ಸ್ಟುಡಿಯೋದಲ್ಲಿ, ಕ್ಯಾಮೆರಾದ ಹಿಂದೆ ತಾನು ಇರಬಾರದು ಅಂತ ಆ ದೊಡ್ಡ ಫೋಟೋಗ್ರಾಫರ್ ಒಪ್ಪಿಕೊಂಡರು. ಕಾಲೇಜು ಫೆಸ್ಟಿನಲ್ಲಿ ಕೇಳದೇ ಹುಡುಗಿಯರ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುವವರು ನಮ್ಮಲ್ಲೂ ಇದ್ದಾರೆ, ಅದಕ್ಕೇ ಇದನ್ನು ಇಷ್ಟು ಉದ್ದ ಬರೆದೆ.

ಅವರ ಕೆಲಸವೆಲ್ಲ ಸಲೀಸಾಗಿ ಮೆಚ್ಚುವಂಥದ್ದು ಅಂತಲೂ ಅಲ್ಲ. 1899–1900ರ ಭೀಕರ ಬರದ ಹೊತ್ತಿಗೆ ನಿಜಾಮ ಸರ್ಕಾರದ ಪರಿಹಾರ ಕಾರ್ಯಗಳ ಚಿತ್ರಗಳನ್ನೂ ಅವರ ಸ್ಟುಡಿಯೋ ತೆಗೆಯಿತು. ಎಲುಬು ಕಾಣುವ ಜನ ಸಾಲಾಗಿ ಕೂತಿದ್ದಾರೆ, ಪಕ್ಕದಲ್ಲಿ ಅಧಿಕಾರಿಗಳು. ದೊರೆಯ ಉದಾರತೆ ತೋರಿಸಲೆಂದೇ ಬಂದ ಕೆಲಸ ಅದು, ಶಿಸ್ತು ಅಲ್ಲೂ ಹಾಗೇ ಇದೆ. ನೋಡುವಾಗ ಹೊಟ್ಟೆಯೊಳಗೆ ಕಸಿವಿಸಿ ಆಗುತ್ತದೆ. ಆದರೆ ಒಂದು ಮಾತು: ದೊರೆಗೆ ಸಂದ ಬೆಳಕೇ ಆ ಜನರ ಮುಖಕ್ಕೂ ಸಂದಿದೆ. ಅಂಥ ಚಿತ್ರಗಳು ಇರದಿದ್ದರೆ ಆ ಬರದ ಮುಖ ನಮಗೆ ಗೊತ್ತೇ ಆಗುತ್ತಿರಲಿಲ್ಲ.

1905ರ ಜುಲೈ 5ರಂದು ತೀರಿಕೊಂಡರು. ವ್ಯವಹಾರವನ್ನು ಮಗ ಗ್ಯಾನ್ ಚಂದ್ ಮುಂದುವರಿಸಿದರು. ಸ್ಟುಡಿಯೋದಲ್ಲಿ ನೆಗೆಟಿವ್‌ಗಳಿಗೆ ಸಂಖ್ಯೆ ಹಾಕುವ ರೂಢಿ ಇತ್ತು. ಎಷ್ಟೋ ಪ್ರಿಂಟುಗಳ ಅಂಚಿನಲ್ಲಿ ಇವತ್ತಿಗೂ ಆ ಸಂಖ್ಯೆ, ಜಾಗದ ಹೆಸರು ಕಾಣುತ್ತವೆ. 1989ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಅವರ ಕುಟುಂಬದಿಂದ 2,857 ಗಾಜಿನ ನೆಗೆಟಿವ್‌ಗಳನ್ನು ಕೊಂಡಿತು. ನನ್ನ ಮೊಬೈಲಿನಲ್ಲಿ ಈ ಹೊತ್ತಿಗೆ ಅದಕ್ಕಿಂತ ಹೆಚ್ಚು ಫೋಟೋ ಇವೆ. ಮೊನ್ನೆ ಕೂತು ನೋಡಿದೆ, ಕುರಕುಂಟಾ ಸ್ಟೇಷನ್ನಿನದು ಒಂದೂ ಇರಲಿಲ್ಲ.