ಹೊಸೂರಿನಿಂದ ನಡೆದು ಹೋದ ಹುಡುಗ

2005ರ ಫೆಬ್ರವರಿ 1. ನಾನಾಗ ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದೆ. ನಮ್ಮದು ಆಗಿನ್ನೂ ಕೋಲಾರ ಜಿಲ್ಲೆ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ವಿಜ್ಞಾನದ ಮೇಷ್ಟ್ರು ಮುಂದೆ ಬಂದು, ಹಿಂದಿನ ದಿನ ಡಾ. ಎಚ್. ನರಸಿಂಹಯ್ಯನವರು ತೀರಿಕೊಂಡ ಸುದ್ದಿ ತಿಳಿಸಿದರು. ಎರಡು ನಿಮಿಷ ಮೌನವಾಗಿ ನಿಂತೆವು. ನಿಜ ಹೇಳಬೇಕೆಂದರೆ, ಅವರು ಯಾರೆಂದು ನಮ್ಮಲ್ಲಿ ಬಹಳ ಜನಕ್ಕೆ ಸರಿಯಾಗಿ ಗೊತ್ತಿರಲಿಲ್ಲ. ಅವರು ನಮ್ಮ ಗೌರಿಬಿದನೂರು ತಾಲ್ಲೂಕಿನವರೇ, ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದವರು ಎಂದು ಮೇಷ್ಟ್ರು ಹೇಳಿದ್ದು ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನ ಬೇಕೆಂದು ಗುರುಗಳು ಕೇಳಿದಾಗ ಮೊದಲು ನೆನಪಾದದ್ದು ಆ ನಡಿಗೆಯೇ.

ನರಸಿಂಹಯ್ಯನವರು ಹುಟ್ಟಿದ್ದು 1920ರ ಜೂನ್ 6ರಂದು, ಹೊಸೂರಿನಲ್ಲಿ. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಬಡ ಕುಟುಂಬ, ಹಿಂದುಳಿದ ಸಮುದಾಯ. ಹುಡುಗ ಊರಿನ ಸರ್ಕಾರಿ ಶಾಲೆಯಲ್ಲಿ ಓದಿದ. ಮುಂದೆ ಓದಲು ಊರಿನಲ್ಲಿ ಹೈಸ್ಕೂಲು ಇರಲಿಲ್ಲ. ಅಂಥ ಮನೆಗಳ ಮಕ್ಕಳ ಓದು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತಿತ್ತು, ಆಮೇಲೆ ಹೊಲ, ಇಲ್ಲವೇ ಕೂಲಿ.

ಈ ಹುಡುಗನ ಓದು ಅಲ್ಲಿಗೆ ಮುಗಿಯದಂತೆ ನೋಡಿಕೊಂಡವರು ಮುಖ್ಯೋಪಾಧ್ಯಾಯ ಎಂ.ಎಸ್. ನಾರಾಯಣರಾಯರು. ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಬೇಕೆಂದು ದಾರಿ ತೋರಿಸಿದವರು ಅವರೇ. ದಾರಿಯೇನೋ ಸಿಕ್ಕಿತು, ಬಸ್ಸಿಗೆ ಕಾಸಿರಲಿಲ್ಲ. 1935ರಲ್ಲಿ ಆ ಹುಡುಗ ಸುಮಾರು ಎಂಬತ್ತು ಕಿಲೋಮೀಟರ್ ದಾರಿಯನ್ನು ಎರಡು ದಿನ ನಡೆದು ಬೆಂಗಳೂರು ಮುಟ್ಟಿದ. ಈಗ ಅದೇ ದಾರಿಯಲ್ಲಿ ನಾವು ಎರಡು ಗಂಟೆಯಲ್ಲಿ ಹೋಗುತ್ತೇವೆ, ಟ್ರಾಫಿಕ್ ಎಂದು ಗೊಣಗುತ್ತಲೇ ಹೋಗುತ್ತೇವೆ.

ಬೆಂಗಳೂರಿನಲ್ಲಿ ಅವರಿಗೆ ಆಸರೆಯಾದದ್ದು ಬಡ ವಿದ್ಯಾರ್ಥಿಗಳ ಉಚಿತ ಊಟ, ವಸತಿಯ ವ್ಯವಸ್ಥೆ. ಗುರುತು ಪರಿಚಯವಿಲ್ಲದ ಹಳ್ಳಿ ಹುಡುಗನಿಗೆ ಊರು ಅನ್ನ ಹಾಕಿತು. 1936ರಲ್ಲಿ ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿಗೆ ಬಂದಾಗ, ಹೈಸ್ಕೂಲಿನಲ್ಲಿ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದವನು ಇದೇ ಹುಡುಗ. ಆಗ ತೊಟ್ಟ ಖಾದಿಯನ್ನು ಕೊನೆಯವರೆಗೂ ಬಿಡಲಿಲ್ಲ.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ 1942ರ ಚಳವಳಿ ಬಂತು. ಓದು ಬಿಟ್ಟು ಜೈಲಿಗೆ ಹೋದರು. ಬಿಡುಗಡೆಯಾದ ಮೇಲೆ ಬಿಟ್ಟ ಓದನ್ನು ಮತ್ತೆ ಹಿಡಿದು, 1946ರಲ್ಲಿ ಎಂ.ಎಸ್ಸಿ. ಮುಗಿಸಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲೇ ಉಳಿದುಬಿಡಬಹುದಿತ್ತು. ನಮ್ಮಂಥ ಐ.ಟಿ.ಯವರಿಗೆ ಆ ಆಸೆ ಎಂಥದ್ದೆಂದು ಚೆನ್ನಾಗಿ ಗೊತ್ತು. ಅವರು ಹಿಂದಿರುಗಿ ಬಂದು, 1961ರಲ್ಲಿ ಅದೇ ಕಾಲೇಜಿನ ಪ್ರಾಂಶುಪಾಲರಾದರು.

ಮುಂದಿನ ವರ್ಷ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಿಜ್ಞಾನದ ಉಪನ್ಯಾಸಗಳ ಬಾಗಿಲನ್ನು ಜನಸಾಮಾನ್ಯರಿಗೂ ತೆರೆದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ದೊಡ್ಡ ಚರ್ಚೆಗೆ ಕಾರಣರಾದರು. ಯಾರು ಹೇಳಿದರೂ ಸರಿಯೇ, ಪ್ರಶ್ನೆ ಕೇಳದೆ ನಂಬಬಾರದೆಂದು ಮಕ್ಕಳಿಗೆ ಕಲಿಸುವುದೇ ಅವರಿಗೆ ಶಿಕ್ಷಣವಾಗಿತ್ತು. ಪದ್ಮಭೂಷಣವೂ ಬಂತು. ಆದರೆ ಅವರು ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಇದ್ದರು, ಕುಲಪತಿಗಳಾಗಿದ್ದಾಗಲೂ ಅಲ್ಲೇ ಇದ್ದರು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೊಂದು ಸಂಗತಿ. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಮುಂದಾಳಾಗಿ ಅವರು ಶಾಲೆ ಕಾಲೇಜುಗಳನ್ನು ತಮ್ಮ ಸೀಮೆಗೆ ತಂದರು. ತಾವು ಓದುವಾಗ ಹೈಸ್ಕೂಲೇ ಇಲ್ಲದ ಹೊಸೂರಿಗೆ ಹೈಸ್ಕೂಲು ಬಂತು. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬಂತು. ತಾವು ನಡೆದಷ್ಟು ದೂರ ಇನ್ನೊಂದು ಮಗು ನಡೆಯಬಾರದು, ಇಷ್ಟೇ ಅದರ ಲೆಕ್ಕ. ನಾರಾಯಣರಾಯರ ಋಣವನ್ನು ಅವರು ತೀರಿಸಿದ್ದು ಹೀಗೆ, ಮುಂದೆ ಬರುವ ಮಕ್ಕಳಿಗೆ.

ಈಗ ನನ್ನ ಲೆಕ್ಕ. ಈ ಶಾಲೆಯಲ್ಲಿ ಫೀಸು ಕೊಡದೆ ಓದಿ ಬಿ.ಇ. ಮುಗಿಸಿ ಬೆಂಗಳೂರು ಸೇರಿದೆ. ನನ್ನ ಮಗಳು ಓದುತ್ತಿರುವುದು ಅಲ್ಲಿನ ಖಾಸಗಿ ಶಾಲೆಯಲ್ಲಿ. ಇದನ್ನು ಮುಚ್ಚಿಟ್ಟು ಸರ್ಕಾರಿ ಶಾಲೆ ಉಳಿಸಿ ಎಂದು ಬರೆದರೆ ಎಚ್ಚೆನ್ ಮೆಚ್ಚುತ್ತಿರಲಿಲ್ಲ. ಊರಿಗೆ ಬಂದಾಗ ಹಳದಿ ವ್ಯಾನುಗಳು ಮಕ್ಕಳನ್ನು ತುಂಬಿಕೊಂಡು ಪಟ್ಟಣಕ್ಕೆ ಹೋಗುವುದನ್ನು ನೋಡುತ್ತೇನೆ. ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಗೆಳೆಯರು ಹೇಳುವುದೂ ಇದನ್ನೇ. ಸರ್ಕಾರಿ ಶಾಲೆಯಲ್ಲಿ ಉಳಿಯುವವರು ಹೋಗಲು ಬೇರೆ ದಾರಿಯಿಲ್ಲದ ಮಕ್ಕಳು. ಬೇಸಿಗೆ ರಜೆಯಲ್ಲಿ ಅವರು ರೇಷ್ಮೆ ಹುಳುವಿಗೆ ಸೊಪ್ಪು ತರುತ್ತಾರೆ, ದ್ರಾಕ್ಷಿ ತೋಟಕ್ಕೆ ಹೋಗುತ್ತಾರೆ. ಎರಡು ತಿಂಗಳು ಒಂದು ಪುಸ್ತಕವನ್ನೂ ಮುಟ್ಟದೆ ಜೂನ್‌ನಲ್ಲಿ ಬಂದು ಕೂತಾಗ ಅಕ್ಷರವೇ ಅಪರಿಚಿತವಾಗಿರುತ್ತದೆ. ನಮ್ಮ ಕಾಲದಲ್ಲೂ ಪುಸ್ತಕದ ಬೀರುವಿಗೆ ಏಪ್ರಿಲ್‌ನಲ್ಲಿ ಬಿದ್ದ ಬೀಗ ಜೂನ್‌ನಲ್ಲೇ ತೆಗೆಯುತ್ತಿದ್ದದ್ದು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ, ಎಸ್‌ಡಿಎಂಸಿಯವರಲ್ಲಿ, ಊರ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಮಹೋತ್ಸವದ ಕಮಾನು, ಶಾಮಿಯಾನ ಎರಡು ದಿನದಲ್ಲಿ ಇಳಿಯುತ್ತವೆ. ಬರುವ ಬೇಸಿಗೆಯಲ್ಲಿ ಆ ಬೀರುವಿನ ಬೀಗದ ಕೈಯನ್ನು ನಮ್ಮ ಕೈಗೆ ಕೊಡಿ. ಪ್ರತಿ ಭಾನುವಾರ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಸರದಿಯಂತೆ ಬಂದು ಮಕ್ಕಳ ಜೊತೆ ಕೂತು ಓದೋಣ. ವಾರದ ಉಳಿದ ದಿನ ಊರಿನ ಕಾಲೇಜು ಮಕ್ಕಳು ನೋಡಿಕೊಳ್ಳಲಿ. ಹಣಕ್ಕಿಂತ ಮೊದಲು ಬೇಕಾದದ್ದು ಪಕ್ಕದಲ್ಲಿ ಕೂರುವ ಒಬ್ಬ ದೊಡ್ಡವರು. ಮೊದಲ ಭಾನುವಾರದ ಸರದಿಗೆ ನನ್ನ ಹೆಸರು ಬರೆದುಕೊಳ್ಳಿ. ಮಗಳನ್ನೂ ಕರೆತರುತ್ತೇನೆ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್
(2005–06ನೇ ಸಾಲಿನ ಎಸ್ಸೆಸ್ಸೆಲ್ಸಿ ತಂಡ)