ಪಂಡಿತಾ ರಮಾಬಾಯಿಯವರು

ಬೆಳಗಾವಿ ನಗರದ ಕೇರಿಗಳಿಂದಲೂ ಖಾನಾಪುರದ ಕಾಡಂಚಿನ ಹಳ್ಳಿಗಳಿಂದಲೂ ಬಾಲಿಕೆಯರು ಪುಸ್ತಕ ಹೊತ್ತು ಶಾಲೆಗೆ ಬರುವುದನ್ನು ನಾವು ದಿನವೂ ನೋಡುತ್ತೇವೆ. ಅದರಲ್ಲಿ ಸೋಜಿಗವೇನನ್ನೂ ಕಾಣೆವು. ಒಂದು ಕಾಲದಲ್ಲಿ ಅದೇ ಸೋಜಿಗವಾಗಿದ್ದಿತು. ಹೆಣ್ಣುಮಗುವಿನ ವಿದ್ಯೆಯ ಹಕ್ಕಿಗಾಗಿ ತಮ್ಮ ಬಾಳನ್ನೇ ಸವೆಯಿಸಿದ ಪಂಡಿತಾ ರಮಾಬಾಯಿಯವರನ್ನು ಈ ಸಂಚಿಕೆಯಲ್ಲಿ ಸ್ಮರಿಸುವುದು ಯುಕ್ತವೆಂದು ಭಾವಿಸಿದ್ದೇವೆ.

ಖಾನಾಪುರದ ಅಡವಿಗಳನ್ನು ಹೊತ್ತ ಸಹ್ಯಾದ್ರಿಯ ಸಾಲಿನಲ್ಲಿಯೇ, ಬಹುದೂರ ದಕ್ಷಿಣಕ್ಕೆ, ಗಂಗಾಮೂಲವೆಂಬ ಅರಣ್ಯದಲ್ಲಿ 1858ನೆಯ ಇಸವಿ ಎಪ್ರಿಲ್ 23ರಂದು ಅವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ರೂಢಿಯನ್ನು ಮೀರಿ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದ್ದರು. ಆ ತಾಯಿಯೇ ಮಗಳಿಗೆ ಗುರುವಾದಳು. ತೀರ್ಥಯಾತ್ರೆಯಲ್ಲಿಯೇ ಬಾಲ್ಯವು ಕಳೆಯಿತು. ಕ್ಷಾಮದಲ್ಲಿ ತಂದೆತಾಯಿಗಳು ಹಸಿವಿನಿಂದ ತೀರಿಕೊಂಡರು. ಅಣ್ಣನೊಡನೆ ಕಾಲ್ನಡೆಯಲ್ಲಿ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದಾಗ, ಅಲ್ಲಿಯ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ವಿವಾಹವಾಯಿತು, ಎರಡು ವರ್ಷ ತುಂಬುವ ಮೊದಲೇ ವೈಧವ್ಯವು ಪ್ರಾಪ್ತವಾಯಿತು.

ಎಳೆಗೂಸು ಮನೋರಮೆಯೊಡನೆ 1882ರಲ್ಲಿ ಪುಣೆಗೆ ಬಂದ ರಮಾಬಾಯಿಯವರು ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಬಾಲಿಕೆಯರಿಗೆ ಸ್ತ್ರೀಶಿಕ್ಷಕಿಯರೂ ಸ್ತ್ರೀವೈದ್ಯರೂ ಬೇಕೆಂದು ವಾದಿಸಿದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. 1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು.

ಇಲ್ಲಿಯೇ ಅವರ ಕಠಿಣ ಪರೀಕ್ಷೆ. ಸದನದಲ್ಲಿ ಬಾಲಿಕೆಯರು ತಂತಮ್ಮ ಆಚಾರಗಳನ್ನು ಪಾಲಿಸಬಹುದಾಗಿತ್ತು. ಯಾರನ್ನೂ ಪ್ರಾರ್ಥನೆಗೆ ಕರೆಯುತ್ತಿರಲಿಲ್ಲ. ಆದರೆ ತಾವು ಪ್ರಾರ್ಥಿಸುವಾಗ ಕೋಣೆಯ ಬಾಗಿಲನ್ನು ಅವರು ಮುಚ್ಚಲಿಲ್ಲ. ಮನಸ್ಸುಳ್ಳ ಬಾಲಿಕೆಯರು ಒಳಗೆ ಬಂದು ಕುಳಿತರು. ಪಾಲಕರು ಕಳವಳಗೊಂಡರು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೇ ಸಲಹಾಮಂಡಲಿಯನ್ನು ಬಿಟ್ಟರು. ಹಲವು ಬಾಲಿಕೆಯರನ್ನು ಮನೆಗೆ ಕರೆದೊಯ್ದರು. ಬಾಗಿಲು ಮುಚ್ಚಿದ್ದರೆ ಶಾಲೆಯು ತುಂಬಿರುತ್ತಿತ್ತು, ಅವರು ಮುಚ್ಚಲಿಲ್ಲ. ಪಾಲಕರ ಕಳವಳವು ನಿಷ್ಕಾರಣವೆಂದು ನಾವು ಹೇಳಲಾರೆವು. ಮಗುವಿನ ಅಂತಃಕರಣದ ಮೇಲೆ ಯಾರ ಅಧಿಕಾರವೆಷ್ಟು ಎಂಬ ಪ್ರಶ್ನೆಗೆ ಮಿಶನ್ ಶಾಲೆಗಳೂ ಉತ್ತರ ಕೊಡಬೇಕಾದುದೇ ಸರಿ. ಕರೆಯದಿರುವುದೂ ತಡೆಯದಿರುವುದೂ ಎರಡೂ ಮಗುವಿಗೆ ಸಲ್ಲಿಸುವ ಗೌರವವೆಂಬುದನ್ನು ನಾವು ಅವರಿಂದ ಕಲಿತೆವು.

1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದಿಂದ ಸುಮಾರು 300 ಮಂದಿ ಸ್ತ್ರೀಬಾಲಿಕೆಯರನ್ನು ಕರೆತಂದು ಕೇಡಗಾವಿಯಲ್ಲಿ ಆಶ್ರಯವಿತ್ತರು. ಹಸಿವನ್ನು ಕಂಡವರಿಗೇ ಹಸಿದ ಮಗುವಿನ ಕೂಗು ಕೇಳಿಸುವುದು. ಆ ಮುಕ್ತಿ ಸದನದಲ್ಲಿ ಬಾಲಿಕೆಯರು ಓದುಬರಹದೊಡನೆ ನೇಯ್ಗೆಯನ್ನೂ ಮುದ್ರಣವನ್ನೂ ಕಲಿತರು. ಅಂಧ ಬಾಲಿಕೆಯರಿಗೂ ಪಾಠವಿದ್ದಿತು. 1912ರಲ್ಲಿ ಕಲಬುರಗಿಯಲ್ಲಿಯೂ ಅವರ ಶಾಲೆಯು ನಡೆಯತೊಡಗಿತು. 1921ರಲ್ಲಿ ಮಗಳು ಮನೋರಮೆಯು ತೀರಿಕೊಂಡಳು. 1922ನೆಯ ಎಪ್ರಿಲ್ 5ರಂದು ತಾಯಿಯೂ ಪ್ರಭುವಿನಲ್ಲಿ ನಿದ್ರೆಹೋದರು.

1929ರಲ್ಲಿ ಬಾಲ್ಯವಿವಾಹಕ್ಕೆ ಕಾಯಿದೆಯ ತಡೆಯುಂಟಾಯಿತು. 2009ರ ಕಾಯಿದೆಯಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕಾಯಿತು. ಆದರೆ ಕಾಯಿದೆಯು ಹೊಸ್ತಿಲವರೆಗೆ ಬರಬಲ್ಲದು. ಮನೆಯ ಬಾಗಿಲನ್ನು ತೆರೆಯತಕ್ಕವರು ತಂದೆತಾಯಿಗಳೇ. ಮಗಳನ್ನು ಮನೆಗೆಲಸಕ್ಕೆಂದೋ ಅವಸರದ ಮದುವೆಗೆಂದೋ ಶಾಲೆ ಬಿಡಿಸುವ ಯೋಚನೆ ಬಂದಾಗ ಪಾಲಕರು ಈ ತಾಯಿಯನ್ನು ನೆನೆಯಲೆಂದೂ, ನಮ್ಮ ಹಳೆಯ ವಿದ್ಯಾರ್ಥಿನಿಯರು ನೆರೆಯ ಒಂದು ಮಗುವನ್ನಾದರೂ ಕೈಹಿಡಿದು ಶಾಲೆಗೆ ತರಲೆಂದೂ ನಾವು ಬೇಡಿಕೊಳ್ಳುತ್ತೇವೆ.